ವಿಚ್ಛೇದನದ ಹೊತ್ತಲ್ಲಿ ಕಾಗದ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿವೋರ್ಸ್ ಅಂದಕೂಡಲೇ ಎಲ್ಲರೂ ಮನಸ್ಸಿನ ಬಗ್ಗೆ ಮಾತಾಡುತ್ತಾರೆ, ಕಪಾಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ವಕೀಲರ ಎದುರು ಕೂತ ಮೇಲೆ ಅವರು ಕೇಳುವುದು ಕಾಗದವನ್ನೇ. ಈ ಗೊಂದಲದಲ್ಲಿ ಇರುವವರು, ಅವರ ಅಕ್ಕ ತಂಗಿಯರು, ಸ್ನೇಹಿತರು ನನ್ನ ಹತ್ತಿರ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಅದನ್ನು ನಿಮ್ಮ ವಕೀಲರೇ ಹೇಳಬೇಕು. ಕಾಗದ ಜೋಡಿಸುವ ಕೆಲಸ ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ.

## ಶುರು ಮಾಡುವಾಗ

ಇನ್ನೂ ಏನೂ ತೀರ್ಮಾನ ಆಗಿಲ್ಲ. ಈಗಲೇ ಕಾಗದ ಜೋಡಿಸಿದ್ರೆ ನಾನೇ ಸಂಸಾರ ಮುರಿದ ಹಾಗೆ ಆಗಲ್ವಾ?

ಇಲ್ಲ. ಫೈಲು ಮಾಡಿಟ್ಟ ಮಾತ್ರಕ್ಕೆ ಯಾರ ಸಂಸಾರವೂ ಮುರಿಯುವುದಿಲ್ಲ. ನಾಳೆ ರಾಜಿಯಾದರೂ ಅದೇ ಫೈಲು ತೆರಿಗೆಗೋ ವಿಮೆಗೋ ಬರುತ್ತದೆ.

ಬೇಗ ಶುರು ಮಾಡಿ ಅನ್ನುವುದಕ್ಕೆ ಕಾರಣ ಇದೆ. ಒಂದೇ ಮನೆಯಲ್ಲಿ ಇರುವಾಗ ಡ್ರಾಯರ್‌ನಿಂದ ತೆಗೆದು ಫೋಟೋ ಹೊಡೆದುಕೊಳ್ಳಬಹುದಾದ ಕಾಗದಕ್ಕೆ, ಬೇರೆಯಾದ ಮೇಲೆ ಅರ್ಜಿ ಬರೆದು, ಶುಲ್ಕ ಕಟ್ಟಿ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಬ್ಯಾಂಕುಗಳೂ ಹಳೆಯದನ್ನೆಲ್ಲ ಕೊನೆತನಕ ಇಟ್ಟುಕೊಳ್ಳುವುದಿಲ್ಲ. ಅಕ್ರಮ ಹಣ ತಡೆಯಲು ಅಂತರರಾಷ್ಟ್ರೀಯ ನಿಯಮ ರೂಪಿಸುವ ಎಫ್‌ಎಟಿಎಫ್ ಸಂಸ್ಥೆ ಹೇಳಿರುವುದೇ ವಹಿವಾಟಿನ ದಾಖಲೆಯನ್ನು ಕನಿಷ್ಠ 5 ವರ್ಷ ಇಡಬೇಕು ಅಂತ. ಮದುವೆಗೆ ಮುಂಚೆ ನಿಮ್ಮ ಖಾತೆಯಲ್ಲಿ ಎಷ್ಟಿತ್ತು ಅನ್ನುವುದು ಮುಖ್ಯ ಆಗುವುದಾದರೆ, ಆ ಹಳೇ ಸ್ಟೇಟ್‌ಮೆಂಟ್ ಕೇಳಲು ಇವತ್ತೇ ಹೋಗಿ.

ಎಲ್ಲಿಂದ ಶುರು ಮಾಡ್ಲಿ? ನೋಡಿದ್ರೆ ತಲೆ ತಿರುಗುತ್ತೆ.

ಎಲ್ಲವನ್ನೂ ಒಟ್ಟಿಗೆ ನೋಡಬೇಡಿ. ಕಳೆದರೆ ಮತ್ತೆ ಸಿಗುವುದು ಕಷ್ಟ ಅನ್ನುವುದನ್ನು ಮೊದಲು ತೆಗೆದಿಡಿ. ಪಾಸ್‌ಪೋರ್ಟ್, ಗುರುತಿನ ಚೀಟಿ, ಜನನ ಪ್ರಮಾಣಪತ್ರ, ಮದುವೆ ನೋಂದಣಿ ಪತ್ರ, ನಿಮ್ಮ ಓದಿನ ಸರ್ಟಿಫಿಕೇಟ್‌ಗಳು, ಮಕ್ಕಳ ಕಾಗದ. ಆಮೇಲೆ ಮನೆಯಲ್ಲಿ ಮಾತ್ರ ಇರುವಂಥವು, ಅಂದರೆ ಕೈಸಾಲದ ಚೀಟಿ, ಒಡವೆ ಬಿಲ್ಲು, ಯಾರೋ ಬರೆದುಕೊಟ್ಟ ರಸೀದಿ. ಇವುಗಳಿಗೆ ಬೇರೆ ಯಾವ ಕಚೇರಿಯಲ್ಲೂ ನಕಲು ಇರುವುದಿಲ್ಲ.

ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್ ಕೊನೆಗೆ. ಜನ ಉಲ್ಟಾ ಮಾಡುತ್ತಾರೆ. ಆನ್‌ಲೈನ್‌ನಲ್ಲಿ ಯಾವಾಗ ಬೇಕಾದರೂ ಸಿಗುವುದನ್ನು ರಾತ್ರಿಯೆಲ್ಲ ಕೂತು ಪ್ರಿಂಟ್ ಹಾಕುತ್ತಾರೆ, ಕೈಸಾಲದ ಚೀಟಿ ಡ್ರಾಯರ್‌ನಲ್ಲೇ ಉಳಿಯುತ್ತದೆ.

ಒರಿಜಿನಲ್ ತಗೊಂಡು ಹೋಗಬಹುದಾ, ಜೆರಾಕ್ಸ್ ಸಾಕಾ?

ನಿಮ್ಮ ಹೆಸರಿನದು ಒರಿಜಿನಲ್ಲೇ ನಿಮ್ಮ ಹತ್ತಿರ ಇರಲಿ. ಇಬ್ಬರ ಹೆಸರಲ್ಲೂ ಇರುವುದರ ಪೂರ್ತಿ ನಕಲು ತೆಗೆದುಕೊಂಡು, ಒರಿಜಿನಲ್ ಇದ್ದ ಜಾಗದಲ್ಲೇ ಇಡಿ. ಪೂರ್ತಿ ಅಂದರೆ ಖಾಲಿ ಕಾಣುವ ಹಿಂದಿನ ಪುಟವೂ ಸೇರಿ, ಎಷ್ಟೋ ಸಲ ಸೀಲು, ನೋಂದಣಿ ಸಂಖ್ಯೆ ಅಲ್ಲೇ ಇರುತ್ತದೆ. ಅವರೊಬ್ಬರದೇ ಕಾಗದವನ್ನು ಮುಟ್ಟಬೇಡಿ. "ಪಾಸ್‌ಪೋರ್ಟ್ ಬಚ್ಚಿಟ್ಟರು" ಅನ್ನುವ ಒಂದು ಆರೋಪ ಸಾಕು, ನಿಮ್ಮ ಉಳಿದ ಮಾತಿನ ತೂಕವೂ ಇಳಿಯುತ್ತದೆ.

ಮನೆಯಲ್ಲಿ ಹೊಡೆತ ಬಡಿತ ಇದೆ. ಕಾಗದ ಹುಡುಕೋಕೆ ಹೋದ್ರೆ ಗೊತ್ತಾಗಿಬಿಡುತ್ತೆ.

ಹಾಗಾದರೆ ಹುಡುಕಬೇಡಿ. ಜೀವ ಮೊದಲು. ಕಾಗದಕ್ಕೆ ಡೂಪ್ಲಿಕೇಟ್ ಸಿಗುತ್ತದೆ. ಗುರುತಿನ ಚೀಟಿ, ಪಾಸ್‌ಪೋರ್ಟ್, ಮಕ್ಕಳ ಜನನ ಪತ್ರ, ಔಷಧಿ ಚೀಟಿ ಇಷ್ಟು ಕೈಗೆ ಸಿಕ್ಕರೆ ನಂಬಿಕಸ್ಥರ ಮನೆಯಲ್ಲಿ ಇಡಿ. ಸಿಗದಿದ್ದರೂ ಹೊರಡಿ. ಮಿಕ್ಕಿದ್ದನ್ನು ಕೋರ್ಟಿನ ಮೂಲಕ ತರಿಸಬಹುದು.

ಫೈಲು ಹೇಗೆ ಜೋಡಿಸಬೇಕು? ನಂದು ಒಂದು ದೊಡ್ಡ ಕವರಲ್ಲಿ ತುಂಬಿಟ್ಟಿದ್ದೀನಿ.

ಕವರಿನಿಂದ ಹೊರಗೆ ತೆಗೆಯುವುದೇ ಅರ್ಧ ಕೆಲಸ. ಗುರುತು, ಹಣ, ಆಸ್ತಿ, ಸಾಲ, ಮಕ್ಕಳು, ಕೋರ್ಟು ಅಂತ ಬೇರೆ ಬೇರೆ ಫೋಲ್ಡರ್ ಸಾಕು. ಇಪ್ಪತ್ತು ವಿಭಾಗ ಮಾಡಿದರೆ ಯಾವುದು ಎಲ್ಲಿದೆ ಅಂತ ನಿಮಗೇ ಮರೆಯುತ್ತದೆ. ಪರೀಕ್ಷೆ ಇಷ್ಟೇ: ನಿಮ್ಮ ಕಥೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಫೈಲು ಕೊಟ್ಟು "ಕಾರ್ ಸಾಲದ ಪತ್ರ ತೆಗಿ" ಅಂದರೆ, ಅವರು ನಿಮ್ಮನ್ನು ಏನೂ ಕೇಳದೆ ತೆಗೆಯಬೇಕು. ಯಾಕೆಂದರೆ ಕೊನೆಗೆ ಇದನ್ನು ಓದುವವರು ಹೊರಗಿನವರೇ. ಮುಂದಿನ ಉತ್ತರಗಳಲ್ಲಿ ಬಹುಪಾಲು ಈ ಒಂದು ಮಾತಿನಿಂದಲೇ ಹುಟ್ಟಿದವು.

ಸ್ಕ್ಯಾನ್ ಮಾಡಿದ ಫೈಲಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ. 2023-07-04 ಮನೆ ಬಾಡಿಗೆ ಕರಾರು, 2023-11-20 ಶಾಲಾ ಶುಲ್ಕ, ಹೀಗೆ. ಐಎಸ್‌ಒ 8601 ಅನ್ನುವ ಮಾನದಂಡದ ರೀತಿ ಇದು. ಕಂಪ್ಯೂಟರ್ ತಾನಾಗೇ ತಾರೀಖಿನ ಸಾಲಿಗೆ ಜೋಡಿಸಿ ಕೊಡುತ್ತದೆ. "ಸ್ಕ್ಯಾನ್ 14 ಫೈನಲ್ ಹೊಸದು" ಅನ್ನುವ ಹೆಸರು ಮಾತ್ರ ದಯವಿಟ್ಟು ಬೇಡ.

ಒರಿಜಿನಲ್ ಮೇಲೆ ಪೆನ್ನು, ಹೈಲೈಟರ್, ಪಂಚ್, ಯಾವುದೂ ಬೇಡ. ಗುರುತು ಹಾಕಬೇಕಿದ್ದರೆ ನಕಲಿನ ಮೇಲೆ ಹಾಕಿ. ಲ್ಯಾಮಿನೇಟ್ ಮಾಡಿಸಲೂ ಬೇಡಿ, ಸೀಲು ಸಹಿ ಸರಿಯಾಗಿ ಪರೀಕ್ಷಿಸಲು ಆಗುವುದಿಲ್ಲ ಅಂತ ಕೆಲವು ಕಚೇರಿಗಳು ತಗೊಳ್ಳುವುದಿಲ್ಲ. ಅಂಗಡಿ, ಎಟಿಎಂ, ಕಾರ್ಡ್ ಮೆಷಿನ್‌ನಿಂದ ಬರುವ ನುಣುಪು ಚೀಟಿಗಳನ್ನು ಅವತ್ತೇ ಸ್ಕ್ಯಾನ್ ಮಾಡಿ. ಅದು ಥರ್ಮಲ್ ಪೇಪರ್. ಅಲ್ಲಿ ಶಾಯಿ ಇಲ್ಲ, ಬಿಸಿ ತಾಗಿ ಕಪ್ಪಾಗುವ ಲೇಪನ ಅಷ್ಟೇ. ಬಿಸಿಲು, ಕೈ ಎಣ್ಣೆ, ಪ್ಲಾಸ್ಟಿಕ್ ಕವರ್ ತಾಗಿ ಅಕ್ಷರ ಮಾಸಿಹೋಗುತ್ತದೆ. ಜೋಪಾನವಾಗಿರಲಿ ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟ ಬಿಲ್ಲೇ ಖಾಲಿ ಚೀಟಿಯಾಗಿ ಸಿಗುವುದು ಹೀಗೆ.

ಇದನ್ನೆಲ್ಲ ಎಲ್ಲಿ ಇಡೋದು?

ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ಸೂತ್ರ ಇಲ್ಲಿಗೂ ಸರಿ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ಲ್ಯಾಪ್‌ಟಾಪ್, ಒಂದು ಪೆನ್‌ಡ್ರೈವ್, ಒಂದು ಕ್ಲೌಡ್ ಖಾತೆ. ಕ್ಲೌಡ್ ಖಾತೆ ಹೊಸದಾಗಿರಲಿ, ಹಳೇ ಜಂಟಿ ಇಮೇಲ್‌ಗೆ ಸೇರಿದ್ದು ಬೇಡ.

ಡೈರಿ ಬರೀಬೇಕಾ? ಏನು ಬರೀಬೇಕು?

ಎರಡು ಬೇರೆ ಬೇರೆ ವಸ್ತು ಬೇಕು. ಒಂದು, ಎರಡು ಪುಟ ಮೀರದ ತಾರೀಖು ಪಟ್ಟಿ: ಮದುವೆ, ಮನೆ ಕೊಂಡದ್ದು, ಕೆಲಸ ಬಿಟ್ಟದ್ದು, ಮಗು ಹುಟ್ಟಿದ್ದು, ಬೇರೆ ವಾಸ ಶುರುವಾದದ್ದು. ವಕೀಲರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇನ್ನೊಂದು, ಆಗಾಗ ಬರೆಯುವ ಟಿಪ್ಪಣಿ. ಅವತ್ತಿನದು ಅವತ್ತೇ. ಕಂಡದ್ದು, ಕೇಳಿದ್ದು, ಹೊತ್ತು, ಜೊತೆಗೆ ಯಾರಿದ್ದರು. "ಸಂಜೆ 6ಕ್ಕೆ ಮಗನನ್ನು ಕರೆದುಕೊಂಡು ಬರಬೇಕಿತ್ತು, 8:40ಕ್ಕೆ ಬಂದರು, ಫೋನ್ ಎತ್ತಲಿಲ್ಲ" ಅಂತ ಬರೆಯಿರಿ. "ಎಂದಿನಂತೆ ಬೇಜವಾಬ್ದಾರಿ" ಅಂತ ಬರೆಯಬೇಡಿ. ಮೊದಲನೆಯದು ದಾಖಲೆ, ಎರಡನೆಯದು ಸಿಟ್ಟು. ಸಿಟ್ಟು ತೀರಿಸಿಕೊಳ್ಳೋಕೆ ಬೇರೆ ಪುಸ್ತಕ ಇಟ್ಟುಕೊಳ್ಳಿ, ಆದರೆ ಅದೂ ಒಂದಿನ ಕೋರ್ಟಿನ ಮೇಜಿಗೆ ಬರಬಹುದು ಅನ್ನುವುದು ನೆನಪಿರಲಿ.

## ಹಣ, ಆಸ್ತಿ, ಸಾಲ

ಎಷ್ಟು ವರ್ಷದ ಸ್ಟೇಟ್‌ಮೆಂಟ್ ಬೇಕಾಗುತ್ತೆ?

ಕನಿಷ್ಠ ಎಷ್ಟು ಅನ್ನುವುದು ಆಯಾ ಕೋರ್ಟಿಗೆ ಬಿಟ್ಟದ್ದು. ಇಂಗ್ಲೆಂಡ್‌ನಲ್ಲಿ ಹಣಕಾಸು ವಿವರ ಕೊಡುವ ಫಾರ್ಮ್ ಇ ಪ್ರತಿ ಖಾತೆಯ 12 ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತದೆ. ಭಾರತದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ, ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಕೊಡುವ ಲಿಖಿತ ವಿವರ, ಸಲ್ಲಿಸಬೇಕು ಎಂದಿತು. ನನ್ನ ಅಭಿಪ್ರಾಯ ಕೇಳಿದರೆ, ಸಿಗುವುದಾದರೆ 3 ವರ್ಷದ್ದು ಇಳಿಸಿಕೊಳ್ಳಿ. ಜೊತೆಗೆ ಮದುವೆಯ ತಿಂಗಳು, ಮನೆ ಕೊಂಡ ತಿಂಗಳು, ಬೇರೆಯಾದ ತಿಂಗಳು, ಈ ಮೂರರ ಬ್ಯಾಲೆನ್ಸ್ ಎಷ್ಟೇ ಹಳೆಯದಾದರೂ ಬೇಕೇ ಬೇಕು.

ಪಿಡಿಎಫ್ ಇಳಿಸಿ, ಫೋನಿನ ಪರದೆಯ ಫೋಟೋ ಬೇಡ. ನಡುವೆ ಒಂದು ತಿಂಗಳು ಬಿಟ್ಟುಹೋಗಿದ್ದರೆ ಎದುರಿನ ವಕೀಲರ ಕಣ್ಣು ಮೊದಲು ಹೋಗುವುದು ಆ ತಿಂಗಳಿಗೇ.

ಮನೆ ದುಡ್ಡಿನ ವ್ಯವಹಾರ ಎಲ್ಲಾ ಅವರೇ ನೋಡ್ತಿದ್ರು. ಏನೇನಿದೆ ಅಂತಾನೇ ನನಗೆ ಗೊತ್ತಿಲ್ಲ.

ಇದು ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಓದಿದವರು, ಕೆಲಸದಲ್ಲಿ ಇರುವವರೂ ಕೇಳುತ್ತಾರೆ. ನಾಚಿಕೆ ಬೇಡ. ಒಂದು ಕಾಗದ ಇನ್ನೊಂದರ ಸುಳಿವು ಕೊಡುತ್ತದೆ, ಅದನ್ನು ಹಿಡಿದು ಹೋಗಬೇಕು.

ಜಂಟಿ ಖಾತೆಯ ಸ್ಟೇಟ್‌ಮೆಂಟ್ ತೆಗೆದುಕೊಂಡು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ನಕಲಿನ ಮೇಲೆ, ಒರಿಜಿನಲ್ ಮೇಲಲ್ಲ. ಪ್ರತಿ ತಿಂಗಳು ಒಂದೇ ತಾರೀಖಿಗೆ ಒಂದೇ ಮೊತ್ತ ಹೋಗುತ್ತಿದ್ದರೆ ಅದು ಸಾಲದ ಕಂತೋ ಹೂಡಿಕೆಯೋ ಆಗಿರುತ್ತದೆ. ವರ್ಷಕ್ಕೊಮ್ಮೆ ಹೋಗುವ ದೊಡ್ಡ ಮೊತ್ತ ಸಾಮಾನ್ಯವಾಗಿ ವಿಮೆ, ಆಸ್ತಿ ತೆರಿಗೆ ಅಥವಾ ಲಾಕರ್ ಬಾಡಿಗೆ. ನಿಮಗೆ ಗೊತ್ತೇ ಇಲ್ಲದ ಲಾಕರ್ ಇದೆ ಅಂತ ತಿಳಿಯುವುದು ಇಂಥ ಒಂದೇ ಸಾಲಿನಿಂದ. ಅವರದೇ ಹೆಸರಿನ ಇನ್ನೊಂದು ಖಾತೆಗೆ ವರ್ಗ ಆಗಿದ್ದರೆ ಆ ಖಾತೆಯ ಕೊನೆಯ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಇಬ್ಬರೂ ಸೇರಿ ಸಲ್ಲಿಸಿದ ತೆರಿಗೆ ರಿಟರ್ನ್ ಇದ್ದರೆ ಅದರಲ್ಲಿ ಬಡ್ಡಿ, ಡಿವಿಡೆಂಡ್, ಬಾಡಿಗೆ ಆದಾಯದ ಸಾಲು ನೋಡಿ. ಬಡ್ಡಿ ಬಂದಿದೆ ಅಂದರೆ ಎಲ್ಲೋ ಠೇವಣಿ ಇದೆ ಅಂತಲೇ ಅರ್ಥ. ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಇರುವ ಸಂಬಳ ಚೀಟಿಯಲ್ಲಿ ನಿವೃತ್ತಿ ನಿಧಿಗೆ, ಕಂಪನಿ ಸಾಲಕ್ಕೆ, ಷೇರು ಯೋಜನೆಗೆ ಎಷ್ಟು ಕಡಿತ ಅಂತ ಇರುತ್ತದೆ.

ಸಿಕ್ಕಿದ್ದನ್ನೆಲ್ಲ ಒಂದು ಹಾಳೆಗೆ ಹಾಕಿ. ಏನು, ಯಾರ ಹೆಸರಲ್ಲಿ, ಸುಮಾರು ಎಷ್ಟು, ಯಾವ ಕಾಗದದಿಂದ ಗೊತ್ತಾಯಿತು. ಗೊತ್ತಿಲ್ಲದ ಕಡೆ ಖಾಲಿ ಬಿಡಿ, ಊಹೆ ಬರೆಯಬೇಡಿ. ಆ ಖಾಲಿ ಜಾಗಗಳೇ ನಿಮ್ಮ ವಕೀಲರು ಎದುರಿನವರಿಗೆ ಕೇಳುವ ಪ್ರಶ್ನೆಗಳಾಗುತ್ತವೆ.

ಒಡವೆ, ಮನೆ ಸಾಮಾನಿಗೆ ಬಿಲ್ಲೇ ಇಲ್ಲ. ಏನ್ಮಾಡ್ಲಿ?

ಫೋಟೋ ತೆಗೆಯಿರಿ. ಒಡವೆಗೆ ತೂಕ, ಮುದ್ರೆ ಕಾಣುವಂತೆ ಹತ್ತಿರದಿಂದ ಒಂದು, ದೂರದಿಂದ ಒಂದು. ಹಳೇ ಸಮಾರಂಭದ ಫೋಟೋದಲ್ಲಿ ನೀವು ಅದನ್ನು ಹಾಕಿಕೊಂಡಿದ್ದರೆ ಅದೂ ದಾಖಲೆಯೇ. ಮಿಕ್ಸಿ, ಸೋಫಾ ಇವಕ್ಕೆಲ್ಲ ಪಟ್ಟಿ ಮಾಡುತ್ತಾ ಕೂರಬೇಡಿ, ಅದಕ್ಕಾಗಿ ಜಗಳ ಆಡುವ ಖರ್ಚಲ್ಲಿ ಹೊಸದೇ ಬರುತ್ತದೆ.

ಜಂಟಿ ಸಾಲ ಅವರೇ ಕಟ್ತಾರೆ ಅಂತ ಒಪ್ಪಂದದಲ್ಲಿ ಬರೆದ್ರೆ ನಾನು ಸೇಫಾ?

ಅಲ್ಲ. ಆ ಒಪ್ಪಂದ ನಿಮ್ಮಿಬ್ಬರ ನಡುವಿನದು. ಬ್ಯಾಂಕ್ ಅದಕ್ಕೆ ಸಹಿ ಹಾಕಿಲ್ಲ. ಸಾಲ ಪತ್ರದಲ್ಲಿ ನಿಮ್ಮ ಹೆಸರು ಇರುವವರೆಗೆ ಕಂತು ತಪ್ಪಿದರೆ ನಿಮ್ಮನ್ನೂ ಕೇಳುತ್ತಾರೆ, ನಿಮ್ಮ ಕ್ರೆಡಿಟ್ ದಾಖಲೆಯೂ ಕೆಡುತ್ತದೆ. ಹೆಸರು ತೆಗೆಸಿದ ಬಗ್ಗೆ ಬ್ಯಾಂಕಿನಿಂದ ಲಿಖಿತ ಪತ್ರ ಬಂದ ಮೇಲೆಯೇ ಈ ಫೋಲ್ಡರ್ ಮುಚ್ಚಿ. ಅಷ್ಟರವರೆಗೆ ಪ್ರತಿ ತಿಂಗಳ ಸಾಲದ ಸ್ಟೇಟ್‌ಮೆಂಟ್ ಇಳಿಸಿ ಇಡಿ.

## ಫೋನು, ಮೆಸೇಜು, ಪಾಸ್‌ವರ್ಡು

ವಾಟ್ಸಾಪ್ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೀನಿ. ಸಾಕಲ್ವಾ?

ಸಾಲದು. ಸ್ಕ್ರೀನ್‌ಶಾಟ್‌ನಲ್ಲಿ ಕಾಣುವುದು ನೀವು ಸೇವ್ ಮಾಡಿಕೊಂಡ ಹೆಸರು, ಅವರ ನಂಬರ್ ಅಲ್ಲ. ಅದು ಸುಳ್ಳು ಅಂತ ಹೇಳುವುದು ಸುಲಭ. ಸ್ಕ್ರೀನ್‌ಶಾಟ್ ಇರಲಿ, ಅದರ ಜೊತೆ ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಫೋಟೋ ಸಮೇತ ಆದರೆ ಇತ್ತೀಚಿನ 10,000 ಮೆಸೇಜು, ಫೋಟೋ ಇಲ್ಲದೆ 40,000 ಮೆಸೇಜು ಬರುತ್ತದೆ ಅಂತ ವಾಟ್ಸಾಪ್ ಹೇಳುತ್ತದೆ. ಎದುರಿನವರು 2025ರಲ್ಲಿ ಬಂದ ಅಡ್ವಾನ್ಸ್ಡ್ ಚಾಟ್ ಪ್ರೈವಸಿ ಆನ್ ಮಾಡಿದರೆ ಎಕ್ಸ್‌ಪೋರ್ಟ್ ಆಗುವುದಿಲ್ಲ. ಡಿಸಪಿಯರಿಂಗ್ ಮೆಸೇಜ್ ಆನ್ ಇದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಮಾಯ. ಹಾಗಾಗಿ ಆಮೇಲೆ ಮಾಡೋಣ ಅಂತ ಬಿಡಬೇಡಿ.

ಫೋಟೋ, ಆಡಿಯೋ ಬಂದಿದ್ದರೆ ಮೂಲ ಫೈಲನ್ನೇ ಇಡಿ. ವಾಟ್ಸಾಪ್‌ನಲ್ಲಿ ಫೋಟೋವನ್ನು ಫೋಟೋವಾಗಿ ಕಳಿಸಿದರೆ ಕುಗ್ಗುತ್ತದೆ, ತೆಗೆದ ಹೊತ್ತು ಜಾಗದ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಹಳೇ ಫೋನ್ ಮಾರಬೇಡಿ, ರಿಸೆಟ್ ಮಾಡಬೇಡಿ.

ಅವರ ಲ್ಯಾಪ್‌ಟಾಪ್ ಪಾಸ್‌ವರ್ಡ್ ನನಗೆ ಗೊತ್ತು. ಒಂದ್ಸಲ ನೋಡಿಬಿಡ್ಲಾ?

ಬೇಡ. ಆಸೆ ಆಗುವುದು ಸಹಜ, ಆದರೂ ಬೇಡ. ಲಂಡನ್‌ನ ಕೋರ್ಟ್ ಆಫ್ ಅಪೀಲ್ 2010ರಲ್ಲಿ ಇಮರ್‌ಮನ್ ಪ್ರಕರಣದಲ್ಲಿ ಇದೇ ವಿಚಾರ ನೋಡಿತು. ಹೆಂಡತಿಯ ಕಡೆಯವರು ಕಂಪ್ಯೂಟರ್‌ನಿಂದ ಗಂಡನ ಖಾಸಗಿ ಕಡತ ನಕಲು ಮಾಡಿಕೊಂಡಿದ್ದರು. ಆಸ್ತಿ ಬಚ್ಚಿಡುತ್ತಾರೆ ಅನ್ನುವ ಅನುಮಾನ ಇದ್ದರೂ ಹೀಗೆ ಕೈಹಾಕುವ ಹಕ್ಕಿಲ್ಲ, ನಕಲು ವಾಪಸ್ ಕೊಡಿ ಎಂದಿತು ಕೋರ್ಟು. ಎಷ್ಟೋ ದೇಶಗಳಲ್ಲಿ ಬೇರೆಯವರ ಇಮೇಲ್ ತೆರೆಯುವುದು ಅಪರಾಧವೂ ಹೌದು, ಗಂಡ ಹೆಂಡತಿ ಆದರೂ. ಕದ್ದು ಮಾತು ರೆಕಾರ್ಡ್ ಮಾಡುವುದಕ್ಕೂ ಒಂದೊಂದು ಕಡೆ ಒಂದೊಂದು ಕಾನೂನು, ಮಾಡುವ ಮುಂಚೆ ವಕೀಲರನ್ನು ಕೇಳಿ. ನಿಮಗೆ ಬೇಕಾದ ಕಾಗದ ಇದೆ ಅಂತ ಅನಿಸಿದರೆ ಅದರ ಹೆಸರು ಬರೆದಿಡಿ, ಕೋರ್ಟಿನಿಂದ ಆದೇಶ ಕೇಳಬಹುದು.

ನನ್ನ ಫೋನ್ ಅವರು ನೋಡ್ತಿದ್ದಾರೆ ಅನ್ಸುತ್ತೆ.

ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ನೋಡಿ. ನಿಮ್ಮ ಫೋನ್ ಬಿಟ್ಟು ನಾಲ್ಕು ಸಾಧನ ಸೇರಿಸಬಹುದು, ಗೊತ್ತಿಲ್ಲದ್ದು ಇದ್ದರೆ ತೆಗೆಯಿರಿ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಲಾಗಿನ್ ಆದ ಸಾಧನಗಳ ಪಟ್ಟಿ ಇರುತ್ತದೆ. ಐಫೋನ್ ಆದರೆ 2022ರ ಐಒಎಸ್ 16ರಿಂದ ಸೇಫ್ಟಿ ಚೆಕ್ ಅಂತ ಇದೆ, ಯಾರ ಜೊತೆ ಏನು ಹಂಚಿಕೊಂಡಿದ್ದೀರಿ ಅನ್ನುವುದನ್ನು ಒಟ್ಟಿಗೆ ತೋರಿಸುತ್ತದೆ. ಮನೆಯಲ್ಲಿ ಭಯ ಇದ್ದರೆ ಥಟ್ಟನೆ ಎಲ್ಲ ಕಡಿದುಹಾಕಬೇಡಿ, ಎದುರಿನವರಿಗೆ ತಕ್ಷಣ ತಿಳಿಯುತ್ತದೆ. ಸುರಕ್ಷಿತ ಜಾಗಕ್ಕೆ ಹೋದ ಮೇಲೆ ಮಾಡಿ.

ಹಳೇ ಪೋಸ್ಟು, ಮೆಸೇಜು ಡಿಲೀಟ್ ಮಾಡಿಬಿಡ್ಲಾ? ಕೆಲವು ನನಗೇ ತೊಂದರೆ.

ಕೇಸು ಬರುತ್ತದೆ ಅಂತ ಗೊತ್ತಾದ ಮೇಲೆ ಅಳಿಸಬೇಡಿ. ಸಾಕ್ಷ್ಯ ನಾಶ ಅನ್ನುತ್ತಾರೆ. ಮೆಸೇಜಿನಲ್ಲಿ ಇದ್ದದ್ದಕ್ಕಿಂತ ಅಳಿಸಿದ್ದೇ ದೊಡ್ಡ ವಿಷಯ ಆಗುತ್ತದೆ. ನಿಮಗೆ ಮುಜುಗರ ತರುವಂಥದ್ದು ಇದ್ದರೆ ವಕೀಲರಿಗೆ ಮೊದಲೇ ತೋರಿಸಿ. ಅವರಿಗೆ ಅದು ಕೋರ್ಟಿನಲ್ಲೇ ಮೊದಲ ಸಲ ಗೊತ್ತಾದರೆ ಕಷ್ಟ.

## ಮಕ್ಕಳ ಕಾಗದ

ಮಕ್ಕಳ ವಿಷಯದಲ್ಲಿ ಏನೇನು ಇಟ್ಟುಕೋಬೇಕು?

ಜನನ ಪತ್ರ, ಪಾಸ್‌ಪೋರ್ಟ್, ಲಸಿಕೆ ಕಾರ್ಡ್, ಶಾಲೆಯ ಅಂಕಪಟ್ಟಿ, ವೈದ್ಯರ ಚೀಟಿ. ಲಸಿಕೆ ಕಾರ್ಡ್ ಒಬ್ಬರ ಹತ್ತಿರವೇ ಇದ್ದು ಇನ್ನೊಬ್ಬರು ಶಾಲೆಗೆ ಸೇರಿಸಲು ಪರದಾಡುವುದು ಮಾಮೂಲು, ಎರಡೂ ಮನೆಯಲ್ಲಿ ನಕಲು ಇರಲಿ. ಇಲ್ಲಿ ಕಾಗದ ಕೊಡುವುದರಲ್ಲಿ ಧಾರಾಳವಾಗಿರಿ.

ಖರ್ಚಿಗೆ ಒಂದು ಹಾಳೆ ಇಡಿ: ತಾರೀಖು, ಯಾವುದಕ್ಕೆ, ಎಷ್ಟು, ಯಾರು ಕೊಟ್ಟರು, ರಸೀದಿ ಎಲ್ಲಿದೆ. ನಗದು ಬೇಡ, ಆದಷ್ಟು ಖಾತೆಯಿಂದಲೇ ಕೊಡಿ. ಮತ್ತೆ ಇನ್ನೊಂದು, ಈ ಫೈಲು ಮಕ್ಕಳ ಕಣ್ಣಿಗೆ ಬೀಳಬಾರದು. ಮಕ್ಕಳ ಕೈಲಿ ಕಾಗದ ಕಳಿಸಲೂ ಬೇಡಿ.

## ಸ್ವಲ್ಪ ಕಷ್ಟದವು

ಅವರು ಆಸ್ತಿ ಮುಚ್ಚಿಟ್ಟಿದ್ದಾರೆ ಅಂತ ತೀರ್ಪಾದ ಮೇಲೆ ಗೊತ್ತಾದ್ರೆ?

ಕೆಲವು ಕಡೆ ಮತ್ತೆ ತೆರೆಯಬಹುದು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರಲ್ಲಿ ಶಾರ್‌ಲ್ಯಾಂಡ್ ಮತ್ತು ಗೋಹಿಲ್ ಅನ್ನುವ ಎರಡು ಪ್ರಕರಣಗಳಲ್ಲಿ, ಗಂಡಂದಿರು ಸರಿಯಾದ ವಿವರ ಕೊಟ್ಟಿರಲಿಲ್ಲ ಅನ್ನುವ ಕಾರಣಕ್ಕೆ ಹೆಂಡತಿಯರ ಪರವಾಗಿ ಹಳೇ ಇತ್ಯರ್ಥವನ್ನು ಮತ್ತೆ ನೋಡಲು ಒಪ್ಪಿತು. ಆದರೆ "ಆಗ ಏನು ಹೇಳಿದ್ದರು" ಅಂತ ತೋರಿಸಲು ಅವರು ಆಗ ಸಲ್ಲಿಸಿದ ಅಫಿಡವಿಟ್‌ನ ಪ್ರತಿ ಬೇಕಲ್ಲ? ಎದುರಿನವರು ಕೊಟ್ಟ ಪ್ರತಿಯೊಂದು ಕಾಗದವನ್ನೂ ಬಂದ ತಾರೀಖು ಬರೆದ ಲಕೋಟೆಯ ಸಮೇತ ಇಡಿ. ಕೇಸು ಮುಗಿದ ಖುಷಿಗೆ ಬಿಸಾಕುವವರೇ ಜಾಸ್ತಿ.

ವಕೀಲರಿಗೆ ಕಳಿಸೋ ಇಮೇಲ್ ತಂಗಿಗೂ ಕಾಪಿ ಹಾಕ್ತೀನಿ. ತೊಂದರೆ ಇದ್ಯಾ?

ಇದೆ. ವಕೀಲರ ಜೊತೆಗಿನ ಮಾತು ಗೋಪ್ಯ ಅನ್ನುವ ರಕ್ಷಣೆ ಎಷ್ಟೋ ಕಡೆ ಮೂರನೆಯವರನ್ನು ಸೇರಿಸಿದ ಕೂಡಲೇ ಸಡಿಲಾಗುತ್ತದೆ. ಆಫೀಸಿನ ಇಮೇಲ್ ಕೂಡ ಬೇಡ, ಅದನ್ನು ಕಂಪನಿ ನೋಡಬಹುದು. ತಂಗಿಗೆ ಫೋನ್ ಮಾಡಿ ಹೇಳಿ, ಸಾಕು.

ಮದುವೆ ಒಂದು ದೇಶದಲ್ಲಿ, ಕೇಸು ಇನ್ನೊಂದು ದೇಶದಲ್ಲಿ. ಅಲ್ಲಿನ ಕಾಗದ ಇಲ್ಲಿ ನಡೆಯುತ್ತಾ?

ಎರಡೂ ದೇಶ 1961ರ ಹೇಗ್ ಅಪೊಸ್ಟಿಲ್ ಒಪ್ಪಂದದಲ್ಲಿ ಇದ್ದರೆ ಸಾಮಾನ್ಯವಾಗಿ ಒಂದು ಅಪೊಸ್ಟಿಲ್, ಅಂದರೆ ಕಾಗದದ ಸಹಿ ಸೀಲು ಅಸಲಿ ಅಂತ ಹೇಳುವ ಮುದ್ರೆ, ಸಾಕು, ರಾಯಭಾರ ಕಚೇರಿಗೆ ಅಲೆಯುವುದು ತಪ್ಪುತ್ತದೆ. ಭಾರತ 2005ರಿಂದ, ಚೀನಾ 2023ರಿಂದ, ಕೆನಡಾ 2024ರಿಂದ ಇದರಲ್ಲಿವೆ. ಮುದ್ರೆ ಹಾಕುವುದು ಕಾಗದ ಕೊಟ್ಟ ದೇಶ, ನೀವು ಈಗ ಇರುವ ದೇಶ ಅಲ್ಲ. ಇಲ್ಲೇ ತುಂಬಾ ಜನ ತಪ್ಪು ಬಾಗಿಲು ಬಡಿಯುತ್ತಾರೆ. ಭಾಷೆ ಬೇರೆ ಆದರೆ ಅಧಿಕೃತ ಅನುವಾದವೂ ಬೇಕಾಗಬಹುದು. ಮುದ್ರೆ ಮೊದಲಾ ಅನುವಾದ ಮೊದಲಾ ಅಂತ ಕಾಗದ ಸ್ವೀಕರಿಸುವ ಕಚೇರಿಯನ್ನೇ ಕೇಳಿ.

## ತೀರ್ಪು ಬಂದ ಮೇಲೆ

ಕೇಸು ಮುಗೀತು. ಇನ್ನು ಕಾಗದದ ಕೆಲಸ ಇಲ್ಲ ಅಲ್ವಾ?

ಇದೆ, ಮತ್ತೆ ಇದನ್ನೇ ಎಲ್ಲರೂ ಬಿಡುವುದು. ತೀರ್ಪಿನ ದೃಢೀಕೃತ ಪ್ರತಿಯನ್ನು ಒಂದಕ್ಕಿಂತ ಜಾಸ್ತಿ ತೆಗೆದುಕೊಳ್ಳಿ, ಕೆಲವು ಕಚೇರಿಗಳು ಕೊಟ್ಟ ಪ್ರತಿಯನ್ನು ಇಟ್ಟುಕೊಂಡುಬಿಡುತ್ತವೆ. ಹೆಸರು ಬದಲಿಸುವುದಾದರೆ ಮೊದಲು ಮುಖ್ಯ ಗುರುತಿನ ಚೀಟಿ, ಆಮೇಲೆ ಪಾಸ್‌ಪೋರ್ಟ್, ಬ್ಯಾಂಕು. ಒಂದರಲ್ಲಿ ಹಳೆಯದು ಇನ್ನೊಂದರಲ್ಲಿ ಹೊಸದು ಇರುವ ಹೊತ್ತಲ್ಲಿ ಪ್ರಯಾಣ ಇಟ್ಟುಕೊಳ್ಳಬೇಡಿ.

ಎಲ್ಲಕ್ಕಿಂತ ತುರ್ತು ನಾಮಿನಿ. ವಿಮೆ, ನಿವೃತ್ತಿ ನಿಧಿ, ಬ್ಯಾಂಕ್ ಖಾತೆ, ಉಯಿಲು, ಒಂದೊಂದನ್ನೂ ತೆಗೆದು ನೋಡಿ. ತೀರ್ಪು ಬಂದರೆ ತಾನಾಗೇ ಬದಲಾಗುತ್ತದೆ ಅಂತ ನಂಬಬೇಡಿ. ಅಮೆರಿಕದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಕೆನಡಿ ಪ್ರಕರಣದಲ್ಲಿ, ಹೆಂಡತಿ ತನಗೆ ಗಂಡನ ಕಂಪನಿಯ ಉಳಿತಾಯ ನಿಧಿ ಬೇಡ ಅಂತ ವಿಚ್ಛೇದನದ ತೀರ್ಪಿನಲ್ಲೇ ಬಿಟ್ಟುಕೊಟ್ಟಿದ್ದರು. ಆದರೆ ಗಂಡ ಕಂಪನಿಯ ಫಾರ್ಮ್‌ನಲ್ಲಿ ಹೆಸರು ಬದಲಿಸಿರಲಿಲ್ಲ. ಅವರು ತೀರಿಕೊಂಡ ಮೇಲೆ ನಿಧಿಯವರು ಫಾರ್ಮ್ ನೋಡಿ ಮಾಜಿ ಹೆಂಡತಿಗೇ ಹಣ ಕೊಟ್ಟರು, ಅದು ಸರಿ ಎಂದಿತು ಕೋರ್ಟು. ಮಗಳಿಗೆ ಹಣ ಸಿಗಲಿಲ್ಲ.

ಎಲ್ಲಾ ಸುಟ್ಟುಹಾಕಬೇಕು ಅನ್ಸುತ್ತೆ. ಎಷ್ಟು ವರ್ಷ ಇಟ್ಟುಕೋಬೇಕು?

ತೀರ್ಪು, ಒಪ್ಪಂದ, ಆಸ್ತಿ ವರ್ಗಾವಣೆ ಪತ್ರ, ಸಾಲದಿಂದ ಹೆಸರು ತೆಗೆಸಿದ ಪತ್ರ, ಎದುರಿನವರ ಅಫಿಡವಿಟ್: ಇವು ಕೊನೆತನಕ. ಮಕ್ಕಳ ಖರ್ಚಿನ ಲೆಕ್ಕ, ಜೀವನಾಂಶ ಕೊಟ್ಟ ಅಥವಾ ಪಡೆದ ದಾಖಲೆ, ಆ ಜವಾಬ್ದಾರಿ ಮುಗಿದು ಇನ್ನೂ ಕೆಲವು ವರ್ಷ ಆಗುವ ತನಕ. ತೆರಿಗೆ ಕಾಗದ ನಿಮ್ಮ ದೇಶದ ನಿಯಮ ಹೇಳುವಷ್ಟು. ಮೆಸೇಜುಗಳ ಪ್ರಿಂಟು, ಡೈರಿ, ಜೆರಾಕ್ಸ್‌ನ ಜೆರಾಕ್ಸ್, ಇವನ್ನು ಮೇಲ್ಮನವಿಯ ಅವಧಿ ಮುಗಿದಿದೆಯಾ ಅಂತ ವಕೀಲರನ್ನು ಒಂದು ಮಾತು ಕೇಳಿ ಹರಿದುಹಾಕಬಹುದು. ಖಾತೆ ಸಂಖ್ಯೆ ಇರುವ ಹಾಳೆಗಳನ್ನು ರದ್ದಿಗೆ ಹಾಕಬೇಡಿ, ಶ್ರೆಡರ್‌ಗೆ ಹಾಕಿ.